ಕೇಸರಿ ಡಬ್ಬಿಯ ಬಸಿರು

ಬೆರಳುದ್ದದ ಒಂದು ಡಬ್ಬಿ. ಅಷ್ಟಕ್ಕೇ ರೇಣುಕಮ್ಮ ಅಜ್ಜಿಯಾಗಿಬಿಟ್ಟಳು!

ಡಬ್ಬಿ ಸಿಕ್ಕಿದ್ದು ಸೊಸೆ ದೇವಿಕಾಳ ಸೀರೆಗಳ ನಡುವೆ. ಒಳಗೆ ಕೇಸರಿ. ಮಾಡದಕೆರೆ ಪಕ್ಕದ ಆ ಕುರಿಹಟ್ಟಿಯಲ್ಲಿ ಕೇಸರಿಯನ್ನು ಬಸುರಿಯರಷ್ಟೇ ಹಾಲಿಗೆ ಹಾಕಿಕೊಂಡು ಕುಡಿಯುತ್ತಿದ್ದರು, ಕೂಸು ಕೆಂಪಗೆ ಹುಟ್ಟಲಿ ಅಂತ. ಸೊಸೆಯನ್ನು ಒಂದು ಮಾತು ಕೇಳಬಾರದೇ? ಇಲ್ಲ. ಸಂಜೆಯೊಳಗೆ ಹಟ್ಟಿಗೆಲ್ಲ ಸಕ್ಕರೆ ಹಂಚಿದ್ದಾಯಿತು. ಮಗ ಹನುಮೇಶನ ಕೈಲಿ ಹೊಸದುರ್ಗದ ಶಾಲೆಗೆ ಫೋನ್ ಮಾಡಿಸಿ, ನಮ್ಮ ಸೊಸೆ ಇನ್ನು ಕೆಲಸಕ್ಕೆ ಬರಲ್ಲ ಅಂತಲೂ ಹೇಳಿಸಿದಳು.

ಶನಿವಾರ ಹೆಡ್‌ಮಾಸ್ಟರ್ ಪ್ರಸನ್ನಕುಮಾರ್ ಬಾಯಿಂದ ಇದನ್ನು ಕೇಳಿದಾಗ ದೇವಿಕಾಳ ಮೈಯೆಲ್ಲ ಉರಿದುಹೋಯಿತು.

“ಸರ್, ನಾನು ಬಸುರಿಯಲ್ಲ.”

“ಹಂಗಂತ ನಿಮ್ಮ ಮನೆಯವ್ರ ಕೈಲೇ ಹೇಳಿಸ್ರಿ ಮೇಡಂ. ನಡು ವರ್ಷದಾಗೆ ನೀವು ಬಿಟ್ಟುಹೋದ್ರೆ ನಾನೇನ್ ಮಾಡ್ಲಿ? ಸೋಮವಾರದಿಂದ ಬೇರೆಯವ್ರಿಗೆ ಹೇಳಿದೀನಿ.”

ನಾಲ್ಕು ವರ್ಷದಿಂದ ಮೂರನೇ ಕ್ಲಾಸು ಅವಳದು. ಮನೆಯಲ್ಲಿ ಅವಳು ‘ಲೇ’, ‘ಏಯ್’. ಮೇಡಂ ಅನ್ನಿಸಿಕೊಳ್ಳುತ್ತಿದ್ದದ್ದು ಅಲ್ಲಿ ಮಾತ್ರ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. “ಯಾರನ್ನ ಕೇಳಿ ಫೋನ್ ಮಾಡಿಸಿದ್ರಿ ಅತ್ತೆ?”

“ಯಾರನ್ನ ಕೇಳ್ಬೇಕು? ಬಸುರಿ ಅಲ್ದಿದ್ರೆ ಕೇಸರಿ ಯಾಕೆ ಬಚ್ಚಿಟ್ಟೆ?”

“ಮುಟ್ಟಿಗೆ ಮುಂಚೆ ನನಗಾಗೋ ಸಂಕಟಕ್ಕೆ!”

ಆ ಸಂಕಟ ಹನುಮೇಶನಿಗೆ ಗೊತ್ತಿರಲಿಲ್ಲವೇ? ಪ್ರತಿ ತಿಂಗಳೂ ಒಂದು ವಾರ ಎದೆ ಬಿಗಿದು, ತಲೆ ಸಿಡಿದು, ಸುಮ್ಮಸುಮ್ಮನೆ ಅಳು. ಯಾರು ಮಾತಾಡಿಸಿದರೂ ಹರಿದು ತಿನ್ನುವಷ್ಟು ಸಿಟ್ಟು. ಕೇಸರಿ ಕೆಲವರಿಗೆ ಹಿಡಿಯುತ್ತದೆ, ಕೆಲವರಿಗಿಲ್ಲ, ನಾಲ್ಕೆಳೆ ಹಾಲಿಗೆ ಹಾಕಿ ನೋಡು ಅಂದಿದ್ದರು ಹೊಸದುರ್ಗದ ಡಾಕ್ಟರಮ್ಮ. ಎರಡು ತಿಂಗಳಿಂದ ಕೊಂಚ ಹಗುರವಾಗಿತ್ತು. ಕೇಸರಿಯಿಂದಲೋ ನಂಬಿಕೆಯಿಂದಲೋ, ಯಾರಿಗೆ ಬೇಕು? ಹಗುರವಾಗಿತ್ತು.

“ಮುಟ್ಟಿನ ಸಂಕಟಕ್ಕೆ ಕೇಸರಿಯಂತೆ!” ರೇಣುಕಮ್ಮ ಡಬ್ಬಿಯನ್ನು ಎತ್ತಿ ಒಲೆಗೆಸೆದಳು. “ನಾವೇನು ಮುಟ್ಟಾಗದೇನೇ ಮುದುಕೇರಾದ್ವಾ? ಬಿಂಕ ನೋಡು ಇವ್ಳ್ದು!”

“ರೀ, ಸುಳ್ಳು ಅಂತ ಫೋನ್ ಮಾಡ್ರಿ,” ಎಂದಳು ದೇವಿಕಾ ಗಂಡನಿಗೆ.

“ಹಟ್ಟಿಗೆಲ್ಲಾ ಸಕ್ಕರೆ ಹಂಚಾಗೈತೆ ಕಣೇ. ಈಗ ಅಲ್ಲ ಅಂದ್ರೆ ಅಮ್ಮನ ಮರ್ಯಾದೆ ಏನಾಗ್ಬೇಕು?” ಎಂದ ಆ ಮಹಾರಾಯ.

ಅವಳ ಕೆಲಸ ಏನಾಗಬೇಕು ಅಂತ ಯಾರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ದೇವಿಕಾ ಮುಟ್ಟಾದಳು. ಮುಟ್ಟಾದ ಹೆಂಗಸರು ಮೂರು ದಿನ ಹಟ್ಟಿಯಾಚೆಯ ಗುಡಿಸಲಿನಲ್ಲೇ ಇರಬೇಕು, ಅವರನ್ನು ಯಾರೂ ಮುಟ್ಟಕೂಡದು. ದೇವಿಕಾ ಆ ದಿನಗಳಲ್ಲಿ ಅಲ್ಲಿಂದಲೇ ಶಾಲೆಗೆ ಹೋಗಿಬರುತ್ತಿದ್ದಳು. ಮಳೆಯಿರಲಿ, ಚಳಿಯಿರಲಿ, ರೇಣುಕಮ್ಮ ಐದು ವರ್ಷದಲ್ಲಿ ಒಂದು ಸಲವೂ ಒಳಗೆ ಬಿಟ್ಟವಳಲ್ಲ. ಇವತ್ತು ಅವಳೇ ಸೊಸೆಯನ್ನು ಮನೆಯೊಳಗಿಟ್ಟು ಬಾಗಿಲು ಮುಚ್ಚಿದಳು.

“ಒಳಗೇ ಬಿದ್ಕೊಂಡಿರು. ಒಂದು ನರಪಿಳ್ಳೆಗೂ ಗೊತ್ತಾಗಬಾರ್ದು. ತಿಂಗಳು ಬಿಟ್ಟು, ಬಸಿರು ಇಳೀತು ಅಂದ್ರಾತು.”

“ಇಷ್ಟು ವರ್ಷ ಇದ್ದ ಮೈಲಿಗೆ ಇವತ್ತು ಇಲ್ವಾ ಅತ್ತೆ?”

“ಬಾಯಿ ಮುಚ್ಚೇ! ಹೊರಗೆ ಕಾಲಿಟ್ರೆ, ಬಸಿರು ತೆಗೆಸ್ಕಂಡು ಬಂದ್ಲು ಅಂತ ನಾನೇ ಸಾರ್ತೀನಿ.”

“ಸಾರ್ಕೊಳ್ರಿ. ನಾನೂ ಸಾರ್ತೀನಿ.”

ಬ್ಯಾಗು ಹೆಗಲಿಗೇರಿಸಿ ಬಾಗಿಲು ತೆಗೆದಳು. ತಡೆಯಲು ಹನುಮೇಶ ಕೈ ಚಾಚಿಕೊಂಡು ಬಂದ.

“ಹಿಡೀರಿ,” ಎಂದಳು ಅವಳು. “ಧೈರ್ಯ ಇದ್ರೆ ಮುಟ್ರಿ.”

ಅವನ ಕೈ ಅರ್ಧದಲ್ಲೇ ನಿಂತಿತು. ರೇಣುಕಮ್ಮ ಸೆರಗು ಬಿಗಿ ಹಿಡಿದು ಗೋಡೆಗಂಟಿದಳು.

ಹಟ್ಟಿಯ ನಡುವೆ ಈರಕ್ಕ ಎದುರಾದಳು. “ಬಸುರಿ ಹೆಂಗಸು ಎಲ್ಲಿಗ್ ಹೊಂಟ್ಯವ್ವಾ?”

“ಬಸುರಿಯಲ್ಲ ಈರಕ್ಕ, ಮುಟ್ಟಾಗಿದೀನಿ. ಬಸುರಿ ಮಾಡಿದ್ದು ನಮ್ಮತ್ತೆ. ಸ್ಕೂಲಿಗೆ ಹೋಗ್ತಿದೀನಿ.” ಮನೆಮನೆಗೂ ಕೇಳುವಂತೆ ಹೇಳಿದಳು. ನೀರಿಗೆ ನಿಂತಿದ್ದ ಹೆಂಗಸರು ಬಿಂದಿಗೆ ಎತ್ತಿಕೊಂಡು ಎರಡೂ ಕಡೆ ಸರಿದರು.

ಹೆಡ್‌ಮಾಸ್ಟರ್ ಎದುರಿಗೆ ಹೊಸ ಮೇಡಂ ಆಗಲೇ ಕೂತಿದ್ದಳು.

“ಮನೆಯವ್ರು ಫೋನ್ ಮಾಡ್ಲಿಲ್ವಲ್ಲ, ದೇವಿಕಾ ಮೇಡಂ?”

“ನಾನೇ ಹೇಳ್ತೀನಿ ಸರ್. ಇವತ್ತು ಬೆಳಿಗ್ಗೆ ಮುಟ್ಟಾಗಿದೀನಿ. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?”

ಪ್ರಸನ್ನಕುಮಾರ್ ಮುಖ ಕೆಂಪೇರಿತು. ಹಾಜರಾತಿ ಪುಸ್ತಕವನ್ನು ಎರಡು ಬೆರಳಿನಿಂದ ಅವಳತ್ತ ತಳ್ಳಿ, ಕುರ್ಚಿಯನ್ನು ಹಿಂದಕ್ಕೆಳೆದುಕೊಂಡ.

ದೇವಿಕಾ ಅವನ ಪೆನ್ನನ್ನೇ ತೆಗೆದುಕೊಂಡು ಸಹಿ ಹಾಕಿದಳು.