ಸೀಟಿನ ಮೇಲಿನ ಸ್ಪ್ಯಾನರ್

ಗ್ಯಾರೇಜಿನಲ್ಲಿ ಮೇಸ್ತ್ರಿಯದು ಒಂದು ಪದ್ಧತಿ ಇತ್ತು. ಕಾರಿನ ಅಡಿಯ ಕೆಲಸ ಅರ್ಧಕ್ಕೆ ನಿಂತಿದ್ದರೆ, ದೊಡ್ಡ ಸ್ಪ್ಯಾನರನ್ನು ಡ್ರೈವರ್ ಸೀಟಿನ ಮೇಲೆ ಮಲಗಿಸಿ ಹೋಗುವುದು. ಅದು ಅಲ್ಲಿರುವ ತನಕ ಆ ಗಾಡಿಯನ್ನು ಯಾರೂ ಮುಟ್ಟಕೂಡದು. ತಮ್ಮನಿಗೂ ಗೊತ್ತು, ಮಗಳಿಗೂ ಗೊತ್ತು. ಬಾಯಿಬಿಟ್ಟು ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಅವತ್ತು ಮನೆಯದೇ ಹಳೆಯ ಕಾರು; ಆಸ್ಪತ್ರೆಯಲ್ಲಿದ್ದ ಹೆಂಡತಿಯನ್ನು ಕರೆತರುವ ಮೊದಲು ಸರಿಮಾಡಬೇಕಿತ್ತು. ಮುಂದಿನ ಚಕ್ರಗಳನ್ನು ಹಿಡಿದಿರುವ ತೋಳುಗಳ ರಬ್ಬರು ಸವೆದು, ಬಿರುಕು ಬಿಟ್ಟು, ವರ್ಷದಿಂದ ಹಳ್ಳ ಬಂದಲ್ಲೆಲ್ಲ ಟಕ್ ಟಕ್ ಎನ್ನುತ್ತಿತ್ತು. ಮಗಳಿಗೆ ಅದೊಂದು ತಮಾಷೆ. “ಅದು ಟಕ್ ಅನ್ನದಿದ್ರೆ ನಂಗೆ ಗಾಡಿ ಓಡಿಸಿದ ಹಾಗೇ ಆಗಲ್ಲಪ್ಪ,” ಎನ್ನುತ್ತಿದ್ದಳು.

ಮೇಸ್ತ್ರಿ ಬೆಳಗ್ಗಿನಿಂದ ಕೂತು ಹಳೆಯ ರಬ್ಬರನ್ನು ಒತ್ತಿ ತೆಗೆದು ಹೊಸದು ಕೂರಿಸಿದ. ಬೋಲ್ಟುಗಳನ್ನು ಮಾತ್ರ ಕೈಯಲ್ಲೇ ತಿರುಗಿಸಿ ಬಿಟ್ಟ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ, ಕಾರು ಇಳಿದ ಮೇಲೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಗಾಡಿ ತನ್ನ ಭಾರದಲ್ಲಿ ತಾನು ಕೂರಬೇಕು, ಆಮೇಲೆ ಅಡಿಯ ಕೆಲಸಕ್ಕೆಂದೇ ನೆಲದಲ್ಲಿ ತೋಡಿದ ಗುಂಡಿಗಿಳಿದು ಕೊನೆಯ ಬಿಗಿತ. ಕಾರನ್ನು ಗುಂಡಿಯ ಮೇಲೆ ಇಳಿಸಿ, ಸ್ಪ್ಯಾನರನ್ನು ಸೀಟಿನ ಮೇಲಿಟ್ಟು, ಹಿಂದಿನ ಮನೆಗೆ ಊಟಕ್ಕೆ ಹೋದ.

ಕೈ ಒರೆಸಿಕೊಳ್ಳುತ್ತ ಬಂದಾಗ ಗುಂಡಿ ಬಾಯ್ದೆರೆದುಕೊಂಡಿತ್ತು. ಕಾರು ಇರಲಿಲ್ಲ. ಸ್ಪ್ಯಾನರ್ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು, ಎಣ್ಣೆ ಒರೆಸಿ ಫಳಫಳ.

ತಮ್ಮನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಚೊಕ್ಕಪ್ಪ ಎಂದು. ಕಸ ಕಂಡರೆ ಕೈ ಸುಮ್ಮನಿರದ ಆಸಾಮಿ.

“ಕಾರೆಲ್ಲೋ?”

“ನಮ್ಮ ಹುಡುಗಿ ತಗೊಂಡು ಹೋದ್ಳು. ಅತ್ತಿಗೇನ ಆಸ್ಪತ್ರೆಯಿಂದ ಈಗಲೇ ಬಿಡ್ತಾರಂತೆ, ಫೋನ್ ಬಂತು. ನೀನು ಊಟಕ್ಕೆ ಕೂತಿದ್ದೆ, ಎಬ್ಬಿಸೋದು ಯಾಕೆ ಅಂತ...”

“ಸ್ಪ್ಯಾನರ್ ಯಾರು ತೆಗೆದಿದ್ದು?”

“ನಾನೇ. ಕಾಯಿಲೆಯವರು ಕೂರೋ ಗಾಡಿ ಅಂತ ಆಗಲೇ ಸೀಟೆಲ್ಲ ಒರೆಸಿದ್ದೆ. ಹಾಗೇ ಅದನ್ನೂ...”

ಚೊಕ್ಕಪ್ಪನ ತಲೆಗೆ ಹೊಳೆಯುವಷ್ಟರಲ್ಲಿ ಕೈ ತನ್ನ ಅಭ್ಯಾಸ ಮುಗಿಸಿಬಿಟ್ಟಿತ್ತು.

ಆಸ್ಪತ್ರೆಯ ರಸ್ತೆ ಪೂರ್ತಿ ಇಳಿಜಾರು, ಕೆಳಗೆ ಸೇತುವೆ. ಬೋಲ್ಟು ಕಳಚಿದರೆ ಚಕ್ರ ಹೇಳಿದ ಮಾತು ಕೇಳುವುದಿಲ್ಲ. ಕಳಚುವ ಮೊದಲು ಸದ್ದು ಮಾಡುತ್ತದೆ, ನಿಜ. ಬೇರೆಯವರಾದರೆ ಹೆದರಿ ನಿಲ್ಲಿಸಿಯಾರು. ಇವಳು ಆ ಸದ್ದಿನ ಜೊತೆ ವರ್ಷ ಸಂಸಾರ ಮಾಡಿದವಳು.

ಮೇಸ್ತ್ರಿ ಮಗಳಿಗೆ ಫೋನ್ ಮಾಡಿದ. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿದಳು.

“ಬೆಳಗ್ಗಿಂದ ಅದೇನು ರಿಪೇರಿ ಮಾಡಿದ್ಯಪ್ಪ? ನನ್ನ ಟಕ್ ಟಕ್ ಹಾಗೇ ಇದೆ!” ನಕ್ಕಳು.

“ನಿಲ್ಲಿಸಮ್ಮ. ಈಗಲೇ, ಇದ್ದಲ್ಲೇ.”

“ಹಿಂದೆ ಲಾರಿ ಬರ್ತಿದೆ ಕಣಪ್ಪ. ಸೇತುವೆ ದಾಟಿ ನಿಲ್ಲಿಸ್ತೀನಿ.”

“ಸೇತುವೆಗೆ ಹೋಗ್ಬೇಡ! ಬೋಲ್ಟ್ ಬಿಗಿದಿಲ್ಲ!”

ಫೋನಿನೊಳಗೆ ಟಕ್ ಎಂದಿತು. ಮತ್ತೆ ಟಕ್. ಆಮೇಲೆ ಏನೋ ನೆಲಕ್ಕೆ ಉಜ್ಜಿದಂತಾಗಿ, ಆ ಸದ್ದೂ ಇಲ್ಲವಾಯಿತು. ಲಾರಿಯ ಹಾರ್ನು ಉದ್ದಕ್ಕೆ ಕೂಗಿಕೊಂಡು ದೂರವಾಯಿತು.

“ಅಪ್ಪ,” ಎಂದಳು ಕೊನೆಗೆ. ದನಿಯಲ್ಲಿ ನಗುವಿರಲಿಲ್ಲ. “ನಿಂತಿದೀನಿ. ಸೇತುವೆ ಕಂಬಿ ಕೈಗೆ ಸಿಗೋ ಹಾಗಿದೆ. ಚಕ್ರ ಒಂದು ಕಡೆ ಮಲಗಿಬಿಟ್ಟಿದೆ.”

“ಇಳಿದು ದೂರ ನಿಂತ್ಕೋ. ಬಂದೆ.”

ಸ್ಕೂಟರ್ ತೆಗೆಯುವಾಗ ಚೊಕ್ಕಪ್ಪ ಮೊಳೆಯಿಂದ ಸ್ಪ್ಯಾನರ್ ಇಳಿಸಿ ತಂದು ಚಾಚಿದ. ಬೈಗುಳಕ್ಕೆ ಕಾಯುತ್ತಿದ್ದಾನೆಂದು ಮೇಸ್ತ್ರಿಗೆ ತಿಳಿಯಿತು. ಬೈಯಲು ಬಾಯಿ ಬರಲಿಲ್ಲ. ಕಿವಿಯಲ್ಲಿನ್ನೂ ಆ ಟಕ್ ನಿಂತುಹೋದ ಗಳಿಗೆಯೇ ಕೂತಿತ್ತು.

“ಹಿಂದೆ ಹತ್ತು,” ಎಂದನಷ್ಟೇ.