ಹೆಸರು ಹೇಳಿದರಷ್ಟೇ ಲೆಕ್ಕ

ಮಗಳು ತುಳಸಿಯ ಒಂದು ಜಡೆ ಹೆಣೆದು ರಿಬ್ಬನ್ ಕಟ್ಟಿ, ಇನ್ನೊಂದು ಪಾಲಿನ ಕೂದಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಫೋನ್ ಬಂತು. ಭಾನುವಾರ ಬೆಳಿಗ್ಗೆ ಕಾಲೇಜಿನ ಕಚೇರಿಯಿಂದ ಬರುವ ಫೋನಿನಲ್ಲಿ ಒಳ್ಳೆಯ ಸುದ್ದಿ ಇರುವುದಿಲ್ಲ. ಎಣ್ಣೆಗೈಯಲ್ಲೇ ಸ್ಪೀಕರ್ ಒತ್ತಿದೆ.

"ಮೇಡಂ, ಬಡ್ತಿ ಪಟ್ಟಿ ನಾಳೆ ಮುಂಜಾನೆ ಹೋಗ್ತೈತ್ರಿ," ಎಂದ ಕ್ಲರ್ಕ್ ಯಲ್ಲೇಶ್. "ನಿಮ್ಮ ಪೇಪರು ಎಷ್ಟು, ಸೈಟೇಶನ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು, ವರ್ಷವಾರು ಗ್ರಾಫ್ ಸಮೇತ ಸಂಜಿ ಐದ್ರೊಳಗ ಕಳಸಬೇಕಂತ್ರಿ. ಫಾರ್ಮು ವಾಟ್ಸಾಪ್ ಮಾಡೀನಿ."

"ಇವತ್ತ ಹೇಳಾದೇನಪ್ಪ?"

"ನನಗೂ ಇವತ್ತ ಹೇಳ್ಯಾರ್ರಿ ಮೇಡಂ. ನಾನೂ ಮಂಡಕ್ಕಿ ಒಗ್ಗರಣಿ ಬಿಟ್ಟು ಎದ್ದು ಬಂದೀನಿ."

ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ತಳಿಶಾಸ್ತ್ರ ಕಲಿಸುತ್ತೇನೆ. ಕಂಪ್ಲಿ ಕಡೆ ಕಾಲುವೆ ನೀರು ನಿಂತು ನಿಂತು ಸವುಳಾದ ಹೊಲಗಳಿವೆ. ಅಲ್ಲಿ ನೆಲದ ಮೇಲೆ ಉಪ್ಪು ಬೆಳ್ಳಗೆ ಕಾಣುತ್ತದೆ. ಅಂಥ ನೆಲದಲ್ಲೂ ಬದುಕುವ ಭತ್ತ ಯಾವುದು, ಅದರೊಳಗೆ ಏನಿರುವುದರಿಂದ ಬದುಕುತ್ತದೆ ಎಂದು ಹುಡುಕುವುದು ನನ್ನ ಸಂಶೋಧನೆ. ಕೆಲಸ ಭತ್ತದ್ದಾದರೂ ನನ್ನನ್ನು ಅಳೆಯುವುದು ಭತ್ತದಿಂದಲ್ಲ. ಎಷ್ಟು ಪೇಪರು ಬರೆದೆ, ಅವುಗಳನ್ನು ಎಷ್ಟು ಜನ ತಮ್ಮ ಪೇಪರುಗಳಲ್ಲಿ ಹೆಸರಿಸಿದರು ಎಂಬುದರಿಂದ.

ಲ್ಯಾಪ್‌ಟಾಪನ್ನು ಚಾಪೆಯ ಮೇಲೇ ಇಟ್ಟುಕೊಂಡು, ಪೇಪರುಗಳ ಲೆಕ್ಕ ಇಡುವ ಜಾಲತಾಣದಲ್ಲಿ ನನ್ನ ಹೆಸರು ಹೊಡೆದೆ. ಗ್ರಾಫ್ ತೆರೆದುಕೊಂಡಿತು. ವರ್ಷಕ್ಕೊಂದು ನೀಲಿ ಕಂಬ, ಆ ವರ್ಷ ಎಷ್ಟು ಪೇಪರು ಬಂದವೋ ಅಷ್ಟು ಎತ್ತರ. ತುಳಸಿ ಒಂದು ಜಡೆ, ಅರ್ಧ ಬಿಚ್ಚುಗೂದಲಿನಲ್ಲಿ ನನ್ನ ಹೆಗಲ ಮೇಲೆ ಬಾಗಿ ಇಸವಿಗಳನ್ನು ಓದತೊಡಗಿದಳು. ಹದಿಮೂರು, ಹದಿನಾಲ್ಕು, ಹದಿನೈದು, ಕಂಬಗಳು ಎತ್ತರವಾಗಿದ್ದವು. ಹದಿನಾರಕ್ಕೆ ಬಂದಾಗ ಅವಳ ಬೆರಳು ನಿಂತಿತು. ಅಲ್ಲಿ ಕಂಬ ಇರಲಿಲ್ಲ. ಹದಿನೇಳಕ್ಕೂ ಇಲ್ಲ, ಹದಿನೆಂಟಕ್ಕೂ ಇಲ್ಲ. ಆಮೇಲೆ ಒಂದು ಗಿಡ್ಡ ಕಂಬ, ಅಲ್ಲಿಂದ ಮತ್ತೆ ಏರಿಕೆ.

ಎರಡು ಸಾವಿರದ ಹದಿನಾರು ತನ್ನ ಹುಟ್ಟಿದ ವರ್ಷ ಎಂಬುದು ಅವಳಿಗೆ ಶಾಲೆಯ ಗುರುತಿನ ಚೀಟಿಯಿಂದ ಬಾಯಿಪಾಠ. ಏನೋ ಕೇಳಲು ಬಾಯಿ ತೆರೆದಳು. ಮುಚ್ಚಿದಳು.

"ಏನವ್ವ?"

"ಏನಿಲ್ಲ."

"ಇನ್ನೊಂದು ಜಡಿ?"

"ಆಮ್ಯಾಲೆ ಹಾಕೊಂತೀನಿ," ಎಂದು ಎದ್ದು ಹೋದಳು.

ಹಲ್ಲಿ ಗೋಡೆಯಿಂದ ಯಾಕೆ ಬೀಳುವುದಿಲ್ಲ, ಅಪ್ಪ ಗಣಿಯಲ್ಲಿ ಅಗೆದ ಮೇಲೆ ದೋಣಿಮಲೈ ಬೆಟ್ಟ ಎಲ್ಲಿಗೆ ಹೋಗುತ್ತದೆ ಎಂದು ದಿನಕ್ಕೆ ನೂರು ಕೇಳುವ ಹುಡುಗಿ. 'ಏನಿಲ್ಲ' ಎನ್ನುವುದು ಅವಳ ಮಾತೇ ಅಲ್ಲ. ಅವಳು ಕೇಳದೆ ಉಳಿಸಿಕೊಂಡದ್ದು ಏನೆಂದು ನನಗೆ ಗೊತ್ತಾಯಿತು. ಕರೆದು ಕೂರಿಸಿ, 'ನಿನ್ನಿಂದ ಹಂಗಾಗಿಲ್ಲ ಕಂದ' ಎಂದುಬಿಡಬಹುದಿತ್ತು. ಆದರೆ ಕೇಳುವ ಮೊದಲೇ ಉತ್ತರ ಕೊಟ್ಟರೆ ಅವಳು ಅದನ್ನು ಸಮಾಧಾನಕ್ಕೆ ಹೇಳಿದ್ದು ಎಂದೇ ತಿಳಿಯುತ್ತಾಳೆ, ಒಳಗೆ ಇಟ್ಟುಕೊಂಡು ಕೊರಗುತ್ತಾಳೆ. ಅವಳೇ ಕೇಳಲಿ ಎಂದು ಕಾಯುವುದಕ್ಕೆ ನಿರ್ಧರಿಸಿ ಅನ್ನಕ್ಕೆ ಇಟ್ಟೆ.

ನಮ್ಮ ಮಾವ ಭರಮಣ್ಣ ಕಟ್ಟೆಯ ಮೇಲೆ ದಿನಪತ್ರಿಕೆ ಹಿಡಿದು ಕೂತಿದ್ದರು. ಮಳೆಗಾಲದಲ್ಲಿ ಅವರು ಮೊದಲು ಓದುವುದು ಡ್ಯಾಮಿನ ಒಳಹರಿವು. ಕಂಪ್ಲಿಯ ಹೊಲವನ್ನು ಈಗ ಮೈದುನ ನೋಡಿಕೊಳ್ಳುತ್ತಾನೆ. ಆದರೂ ಅಂಕಿ ನೋಡದೆ ಮಾವನಿಗೆ ಚಹಾ ಇಳಿಯುವುದಿಲ್ಲ.

"ನಿಂದೆಷ್ಟಾತವ್ವ ಒಳಹರಿವು?" ಎಂದರು ನನ್ನ ಲ್ಯಾಪ್‌ಟಾಪ್ ನೋಡಿ.

"ಒಂಬತ್ತಕ್ಕ ನಿಂತೈತ್ರಿ ಮಾವ. ಹತ್ತಾಗವಲ್ದು."

ಅವರಿಗೆ ವಿವರಿಸಿ ಹೇಳಿದೆ. ನನ್ನ ಒಂಬತ್ತು ಪೇಪರುಗಳನ್ನು, ಒಂದೊಂದನ್ನೂ ಕಡಿಮೆಯೆಂದರೆ ಒಂಬತ್ತು ಕಡೆ ಬೇರೆಯವರು ಹೆಸರಿಸಿದ್ದಾರೆ. ಅದಕ್ಕೇ ನನ್ನ ಎಚ್-ಇಂಡೆಕ್ಸ್ ಒಂಬತ್ತು. ಹತ್ತಾಗಬೇಕಾದರೆ ಹತ್ತು ಪೇಪರಿಗೂ ಹತ್ತತ್ತು ಸಲ ಹೆಸರು ಬರಬೇಕು.

"ಒಂದ ಪೇಪರು ಬರದು, ಅದನ್ನ ನೂರು ಮಂದಿ ನೆನಸಿದ್ರ?"

"ಆಗ ಬರೀ ಒಂದ್ರಿ."

"ಇದ್ಯಾವ ನ್ಯಾಯ," ಎಂದರು ಮಾವ. "ನೂರು ಮಂದಿ ನೆನಸೋದು ಸಣ್ಣ ಮಾತೇನು?"

ಒಳಗೆ ಗುರೆಳ್ಳು ಹುರಿಯುತ್ತಿದ್ದ ಅತ್ತೆಯ ಪಕ್ಕದಲ್ಲಿ ಮಂಕಾಗಿ ಕೂತಿದ್ದ ತುಳಸಿಯ ಕಿವಿ ನೆಟ್ಟಗಾಯಿತು. "ಹಂಗಾದ್ರ ಅಜ್ಜಿದು ಎಷ್ಟು?" ಎಂದಳು.

"ನಂದೇನಲೇ?"

"ನಿನ್ನ ಎಚ್-ಇಂಡೆಕ್ಸು. ನೀ ಕಲಿಸಿದ್ದನ್ನ ಬ್ಯಾರೆಯವ್ರ ಮನ್ಯಾಗ ಮಾಡ್ತಾರಲ್ಲ. 'ಇದು ಜಂಬವ್ವನ ಕೈಲಿ ಕಲ್ತಿದ್ದು' ಅಂತ ಹೇಳ್ಬೇಕು. ಹೇಳಿದ್ರ ಒಂದು."

ಅತ್ತೆ ಸೆರಗು ಸರಿಪಡಿಸಿಕೊಂಡರು. "ಹೋಗು, ಕೇಳ್ಕೊಂಡು ಬಾ. ಈ ಚಿತ್ತವಾಡ್ಗಿ ಓಣ್ಯಾಗ ನನ್ನ ಹೆಸರು ಹೇಳ್ದಿರೋರು ಯಾರು ಅದಾರ ನೋಡೂಣು."

ತುಳಸಿ ಒಂದೇ ಜಡೆಯಲ್ಲಿ ಓಣಿಗೆ ಇಳಿದಳು. ಹೋಗಲಿ, ಓಡಾಡಿದರೆ ಮನಸ್ಸು ಹಗುರಾದೀತು ಎಂದುಕೊಂಡೆ. ನಾನು ಅನ್ನ ಬಸಿದು, ಪೇಪರುಗಳ ಹೆಸರು ತುಂಬಿ, ಬೇಳೆಗೆ ಹುಣಸೆಹಣ್ಣು ಹಿಂಡಿ, ಮತ್ತೆ ಒಂದಿಷ್ಟು ತುಂಬುವಷ್ಟರಲ್ಲಿ ವಾಪಸ್ ಬಂದಳು.

"ಅಜ್ಜಿದು ಮೂರು."

"ಮೂರಾ?" ಅತ್ತೆ ಸೌಟು ಕೆಳಗಿಟ್ಟರು. "ಇಡೀ ಓಣಿ ನನ್ನ ಅಗಸಿ ಚಟ್ನಿ ತಿಂದೈತಲ್ಲಲೇ."

"ತಿಂದ್ರ ಲೆಕ್ಕಕ್ಕಿಲ್ಲಜ್ಜಿ. ಹೆಸರು ಹೇಳ್ಬೇಕು. ಅಗಸಿ ಚಟ್ನಿಗೆ ಐದು ಮನ್ಯಾಗ ಹೇಳಿದ್ರು. ಗುರೆಳ್ಳು ಪುಡಿಗೆ ನಾಕು. ಮಾದಲಿಗೆ ಮೂರು. ಹುಣಸಿ ತೊಕ್ಕಿಗೆ ಒಂದ ಮನಿ. ಮೂರು ಮನಿ ಮುಟ್ಟಿದ್ದು ಮೂರ ಅಡಿಗಿ, ಅದಕ್ಕ ಮೂರು."

"ಮೂಲಿಮನಿ ಹುಲುಗಮ್ಮ ಏನಂದ್ಲು ತೊಕ್ಕಿಗೆ?"

"ಅದು ಆಕಿ ತವರುಮನಿದಂತ."

ಅತ್ತೆ ಬಾಣಲೆಯನ್ನು ಒಲೆಯಿಂದ ಇಳಿಸಿದರು. "ಈ ಒಲಿ ಮುಂದ ಕುಂದ್ರಿಸಿ ಕಲಿಸೀನಿ," ಎಂದರು. "ತವರುಮನಿದಂತ."

"ನಮ್ಮಲ್ಲೂ ಹಿಂಗ ಆಗ್ತೈತ್ರಿ ಅತ್ತಿ," ಎಂದೆ. "ಪೇಪರು ಓದಿರ್ತಾರ, ಉಪಯೋಗಿಸಿರ್ತಾರ, ಹೆಸರು ಮಾತ್ರ ಹಾಕಿರಂಗಿಲ್ಲ."

"ಓದಿದೋರಾದ್ರೂ ಹಂಗ, ಹುಲುಗಮ್ಮಾದ್ರೂ ಹಂಗ," ಎಂದು ಅತ್ತೆ ಗುರೆಳ್ಳನ್ನು ಜೋರಾಗಿ ಕುಟ್ಟತೊಡಗಿದರು.

ಮಾವನ ಸರದಿ ಬಂತು. ಅವರ ಬಳಿ ಇರುವುದು ಒಂದೇ ಒಂದು ಕಥೆ. ಹೊಳೆ ತುಂಬಿ ಕಂಪ್ಲಿ ಸೇತುವೆ ಮುಳುಗಿದ ವರ್ಷ ಎತ್ತಿನ ಬಾಲ ಹಿಡಿದು ಆಚೆ ದಡಕ್ಕೆ ಈಜಿದ್ದು. ಡ್ಯಾಮಿನ ಗೇಟು ತೆರೆದಾಗಲೆಲ್ಲ ಅದನ್ನು ಹೇಳುತ್ತಾರೆ.

"ತಾತಂದು ಸೊನ್ನಿ," ಎಂದಳು ತುಳಸಿ. "ಆ ಕಥಿ ನಿನ್ನ ಬಿಟ್ಟು ಬ್ಯಾರೆ ಯಾರೂ ಹೇಳಂಗಿಲ್ಲ. ನಮ್ಮದು ನಾವ ಹೇಳ್ಕೊಂಡ್ರ ನಡಿಯಂಗಿಲ್ಲಂತ ಅಮ್ಮ ಹೇಳ್ಯಾಳ."

"ಯಾರೂ ಹೇಳಂಗಿಲ್ಲಾ? ಪಕ್ಕೀರಪ್ಪ ಹೇಳ್ತಾನ. ಆವತ್ತು ನನ್ನ ಜೋಡಿ ಇದ್ದಾವ ಆತ." ಮಾವ ಅಲ್ಲೇ ಕಂಪ್ಲಿಯ ಗೆಳೆಯನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. "ಪಕ್ಕೀರಪ್ಪ, ಹೊಳಿ ಬಂದಾಗ ಎತ್ತಿನ ಬಾಲ ಹಿಡಿದು ದಾಟಿದ್ದು ಹೇಳು ನನ್ನ ಮೊಮ್ಮಗಳಿಗೆ."

"ಹೂಂ, ದಾಟೀನಲ್ಲವ್ವ," ಎಂದಿತು ಫೋನು. "ಎತ್ತೂ ನಂದ, ಈಜಿದ್ದೂ ನಾನ. ನಿಮ್ಮ ತಾತ ದಂಡಿ ಮ್ಯಾಲೆ ಕುಂತು ಬೀಡಿ ಸೇದ್ತಿದ್ದ."

ಅತ್ತೆಯ ಕುಟ್ಟಾಣಿ ನಿಂತಿತು. ಮಾವ ಫೋನನ್ನು ದೂರ ಹಿಡಿದು ನೋಡಿದರು, ಬೇರೆ ಯಾರಿಗೋ ಹಚ್ಚಿದೆನೇನೋ ಎನ್ನುವಂತೆ.

"ಕೂಗಿದ್ದಾದ್ರೂ ಯಾರಲೇ? 'ಬಾಲ ಬಿಡಬ್ಯಾಡ' ಅಂತ ದಂಡಿ ಮ್ಯಾಲಿಂದ ಕೂಗಿದ್ದು ಯಾರು?"

"ಅದು ನೀನ. ಅದಕ್ಕೇನು ಇಲ್ಲನ್ನಂಗಿಲ್ಲ."

"ಹಂಗಾದ್ರ ತಾತಂದು ಎರಡನೇ ಹೆಸರು," ಎಂದು ತೀರ್ಪು ಕೊಟ್ಟಳು ತುಳಸಿ. ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು. ನಾನೂ ನಕ್ಕೆ. ನನ್ನ ಪೇಪರುಗಳಲ್ಲೂ ಬರೆದವರ ಸಾಲಿನಲ್ಲಿ ದಡದ ಮೇಲೆ ಕೂತು ಕೂಗಿದವರ ಹೆಸರುಗಳು ಒಂದೆರಡು ಕಡೆ ಇವೆ.

ಊಟದ ಹೊತ್ತಿಗೆ ಸಹೋದ್ಯೋಗಿ ಕನಕರಾಜ್ ಫೋನ್ ಮಾಡಿದರು, ಸ್ಪೀಕರ್ ಹಾಕಿದೆ. ಅವರೂ ಅದೇ ಫಾರ್ಮಿನ ಮುಂದೆ ಕೂತಿದ್ದರು.

"ಮೇಡಂ, ನಂದು ಎಂಟಕ್ಕ ನಿಂತೈತಿ. ಮುಂದಿನ ಪೇಪರಿನಾಗ ನೀವು ನನ್ನವೆರಡರ ಹೆಸರು ಹಾಕ್ರಿ, ನಾ ನಿಮ್ಮವೆರಡು ಹಾಕ್ತೀನಿ."

"ನಿಮ್ಮದು ರೇಷ್ಮಿಹುಳ, ನಂದು ಭತ್ತ. ಹೆಂಗ ಹಾಕ್ಲಿ ಸರ್?"

"ಎರಡೂ ಎಲಿ ನಂಬಿ ಬದುಕ್ತಾವಲ್ರಿ."

ಮಾವ ಕೈ ತೊಳೆಯುತ್ತ, "ಇದು ಮದುವ್ಯಾಗಿನ ಮುಯ್ಯಿ ಇದ್ದಂಗಾತು. ನೀ ಓದಿಸಿದಷ್ಟು ನಾ ಓದಿಸ್ತೀನಿ," ಎಂದರು. ಬೇಡ ಎಂದೆ. ಕನಕರಾಜ್ ಬೇಸರ ಮಾಡಿಕೊಳ್ಳಲಿಲ್ಲ. ಅವರಿಗೆ ಬೇಡ ಎಂದವಳು ನಾನೇ ಮೊದಲಲ್ಲ ಎಂದು ಕಾಣುತ್ತದೆ.

"ಅದಿರ್ಲಿ, ಕಡೀ ಕಲಂ ನೋಡಿದ್ರೇನು? ಅದಕ್ಕ ಆರೋಗ್ಯ ಸರಿ ಇರ್ಲಿಲ್ಲ ಅಂತ ಹಾಕಿಬಿಡ್ರಿ. ಎಲ್ಲಾರೂ ಅದನ್ನ ಹಾಕ್ತಾರ."

ನಾನು ಕಡೆಯ ಕಲಂ ನೋಡಿರಲಿಲ್ಲ. ಕೆಳಗೆ ಹೋದೆ. 'ಪ್ರಕಟಣೆ ಇಲ್ಲದ ವರ್ಷಗಳಿದ್ದಲ್ಲಿ ಕಾರಣ ತಿಳಿಸಿ' ಎಂದಿತ್ತು. ಕೆಳಗೆ ಒಂದು ಖಾಲಿ ಚೌಕ. ತುಳಸಿ ತಟ್ಟೆಯಿಂದ ತಲೆಯೆತ್ತದೆ ಅನ್ನ ಕಲಸುತ್ತಿದ್ದಳು. ಕಲಸಿದ್ದನ್ನೇ ಕಲಸುತ್ತಿದ್ದಳು.

ಮಾವ ಕನ್ನಡಕ ಹಾಕಿಕೊಂಡು ಗ್ರಾಫಿನತ್ತ ಬಾಗಿದರು. "ಇಲ್ಲ್ಯಾಕ ಬೀಡು ಬಿದ್ದೈತಿ? ಕಾಲುವಿ ಬಂದ್ ಇತ್ತೇನು?"

"ಹಂಗ ಅನ್ಕೊಳ್ರಿ," ಎಂದೆ.

ತುಳಸಿ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ತಿಂದದ್ದಕ್ಕಿಂತ ಹೆಚ್ಚು ಕಾಗೆಗೆ ಹೋಯಿತು.

ಪಾತ್ರೆ ತಿಕ್ಕುತ್ತ ಆ ಚೌಕದಲ್ಲಿ ಏನು ಬರೆಯುವುದೆಂದು ಯೋಚಿಸಿದೆ. 'ಮಗುವಿನ ಆರೈಕೆ' ಎಂದರೆ ಎರಡೇ ಪದ. ಆದರೆ ಆ ಚೌಕ ಕೇಳುವುದು ಕೊರತೆಗೆ ಕಾರಣವನ್ನು. ಅಲ್ಲಿ ನನ್ನ ಮಗಳನ್ನು ಬರೆಯಲು ಮನಸ್ಸು ಬರಲಿಲ್ಲ. ಹಾಗೆಂದು ಆ ವರ್ಷಗಳು ಬೀಡೂ ಬಿದ್ದಿರಲಿಲ್ಲ. ಮಾವನ ಸವುಳು ಮಡಿಯಲ್ಲಿ ಎರಡು ತಳಿಯ ಭತ್ತ ಕೂಡಿಸಿ ಹುಟ್ಟಿಸಿದ ಬೀಜ ಬಿತ್ತಿದ್ದೆ. ಬದುವಿನ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ತುಳಸಿಯನ್ನು ಮಲಗಿಸಿ, ಉಪ್ಪಿನಲ್ಲೂ ಹಸಿರಾಗಿ ನಿಂತ ಗಿಡಗಳಿಗೆ ಕೆಂಪು ದಾರ ಕಟ್ಟುತ್ತಿದ್ದೆ. ಆಯ್ದ ಗಿಡದ ಕಾಳು ಮತ್ತೆ ಬಿತ್ತು, ಮತ್ತೆ ಆಯ್ದುಕೋ, ಹೀಗೆ ಸುಗ್ಗಿಯ ಮೇಲೆ ಸುಗ್ಗಿ ಕಾಯದೆ ಭತ್ತದ ತಳಿ ನಿಲ್ಲುವುದಿಲ್ಲ. ಈಗಿನ ಎತ್ತರದ ಕಂಬಗಳೆಲ್ಲ ಆ ದಾರ ಕಟ್ಟಿದ ಗಿಡಗಳಿಂದ ಬಂದವು. ಎಲ್ಲರೂ ಹೆಸರಿಸುವ ನನ್ನ ಪೇಪರೂ ಅವುಗಳದ್ದೇ.

ಆದರೆ ಏನೂ ಕಳೆದುಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಧ ಮುಗಿಸಿದ್ದ ಒಂದು ಕೆಲಸವನ್ನು ಬಾಣಂತನದಲ್ಲಿ ಬಿಟ್ಟುಕೊಟ್ಟೆ. ಅದನ್ನು ಬೇರೆಯವರು ಮುಗಿಸಿದರು, ಚೆನ್ನಾಗಿಯೇ ಮುಗಿಸಿದರು. ಆವತ್ತು ಅತ್ತದ್ದು ನೆನಪಿದೆ. ತುಳಸಿ ಕೇಳಿದರೆ ಎರಡನ್ನೂ ಹೇಳಬೇಕು. ಜೋಲಿಯನ್ನೂ, ಅತ್ತದ್ದನ್ನೂ.

ನಾಲ್ಕೂಮುಕ್ಕಾಲಿಗೆ ಎಲ್ಲ ತುಂಬಿ, ಆ ಚೌಕವೊಂದು ಉಳಿಯಿತು. ಯಲ್ಲೇಶ್ ಎರಡು ಸಲ ಕೈಮುಗಿಯುವ ಚಿತ್ರ ಕಳಿಸಿದ್ದ. ಅಷ್ಟರಲ್ಲಿ ತುಳಸಿ ಬಾಚಣಿಗೆ, ರಿಬ್ಬನ್ ಹಿಡಿದುಕೊಂಡು ಬಂದಳು. ಬಿಚ್ಚಿದ ಅರ್ಧ ತಲೆ ಓಣಿಯ ಧೂಳು ತುಂಬಿಕೊಂಡು ಗಂಟುಗಂಟಾಗಿತ್ತು.

"ಹಾಕಮ್ಮ."

"ಯಲ್ಲೇಶ್ ಅಂಕಲ್ ಕಾಯ್ತಾನಲ್ಲವ್ವ?"

"ನಾ ಮುಂಜಾನಿಂದ ಕಾಯಾಕ ಹತ್ತೀನಿ."

ಅದೂ ನಿಜ. ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದೆ. ಅವಳು ನನಗೆ ಬೆನ್ನು ಹಾಕಿ, ಮೊಣಕಾಲುಗಳ ನಡುವೆ ಕೂತಳು. ಈಗ ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ಅವಳದು ನನಗೆ ಕಾಣುತ್ತಿರಲಿಲ್ಲ. ತುದಿಯಿಂದ ಒಂದೊಂದೇ ಗಂಟು ಬಿಡಿಸುತ್ತ ಬಂದೆ. ನೋಯದಂತೆ ಬೇರಿನ ಹತ್ತಿರ ಹಿಡಿದುಕೊಂಡೆ. ಒಳಗೆ ಅತ್ತೆ ಡಬ್ಬಿಗೆ ಗುರೆಳ್ಳು ಪುಡಿ ತುಂಬುತ್ತ, ಹುಲುಗಮ್ಮನಿಗೂ ಒಂದಿಷ್ಟು ತೆಗೆದಿಡುತ್ತಿದ್ದರು. ಹೊರಗೆ ಮಾವ ಇನ್ನೂ ಫೋನಿನಲ್ಲಿ ಪಕ್ಕೀರಪ್ಪನಿಗೆ, "ಎತ್ತು ನಿಂದ ಅಂತ ಒಪ್ಪಿದೆ ಮಾರಾಯ," ಎನ್ನುತ್ತಿದ್ದರು.

ಕೂದಲನ್ನು ಮೂರು ಎಳೆ ಮಾಡಿ ಹೆಣೆಯತೊಡಗಿದೆ. ಪಕ್ಕದಲ್ಲಿ ಪರದೆ ಇನ್ನೂ ಬೆಳಗುತ್ತಿತ್ತು. ಗ್ರಾಫು, ಅದರ ಕೆಳಗೆ ಚೌಕ. ತುಳಸಿ ಕುತ್ತಿಗೆ ಅಲ್ಲಾಡಿಸದೆ ಕೈಯನ್ನಷ್ಟೇ ಚಾಚಿ, ಕಂಬಗಳಿಲ್ಲದ ಜಾಗದ ಮೇಲೆ ಬೆರಳಿಟ್ಟಳು.

"ಅಮ್ಮ."

"ಹೂಂ."

"ನಾ ಹುಟ್ಟಿಲ್ಲಂದಿದ್ರ, ಇಲ್ಲಿ ಎಷ್ಟು ಇರ್ತಿದ್ವು?"