ವಾಲಿದ ಮೊಹರು

ಕಗಾಮಿಯಾ ಕಂಪನಿಯಲ್ಲಿ ಯಾರನ್ನಾದರೂ ಮೂಲೆಗುಂಪು ಮಾಡಬೇಕೆಂದರೆ ಬೈಯುವುದಿಲ್ಲ, ಕೆಲಸದಿಂದ ತೆಗೆಯುವುದೂ ಇಲ್ಲ. ಕಿಟಕಿಯ ಪಕ್ಕ ಒಂದು ಮೇಜು ಕೊಟ್ಟು, ಕಂಪನಿಯ ಚರಿತ್ರೆ ಬರೆಯಿರಿ ಎನ್ನುತ್ತಾರೆ. ಐವತ್ತೇಳನೆಯ ವಯಸ್ಸಿಗೆ ಕುರಾಮೋಚಿಗೆ ಆ ಮರ್ಯಾದೆ ದೊರಕಿತು. ಅಷ್ಟೂ ವರ್ಷ ಉತ್ಪಾದನಾ ವಿಭಾಗದಲ್ಲಿ ಎಂಜಿನಿಯರಾಗಿ ದುಡಿದವನಿಗೆ ಈಗ ಎದುರಿಗೆ ತೊತ್ತೋರಿ ಊರಿನ ಬೂದು ಕಡಲು, ಪಕ್ಕದಲ್ಲಿ ಹಳೆಯ ಕಡತಗಳ ರಾಶಿ. ಊಟದ ಹೊತ್ತಿಗೆ ಜೊತೆಯವರು, ನಮ್ಮ ಹೆಸರನ್ನೂ ಎಲ್ಲಾದರೂ ತುರುಕು ಮಾರಾಯ ಎಂದು ಕಿಚಾಯಿಸುತ್ತಿದ್ದರು.

ಬರೆಯುವುದಕ್ಕೇನೋ ಬೇಕಾದಷ್ಟಿತ್ತು. ಪಿಯರ್ ತೋಟದ ನಡುವಿನ ಶೆಡ್ಡಿನಲ್ಲಿ ಮೀಟರುಗಳ ಮುಖದ ಗಾಜು ಮಾಡುತ್ತ ಹುಟ್ಟಿದ ಕಂಪನಿ ಅದು. ಆಮೇಲೆ ಗಡಿಯಾರದಲ್ಲಿ ಅಂಕಿ ಮೂಡಿಸುವ ಗಾಜು, ಕ್ಯಾಲ್ಕುಲೇಟರಿನ ಗಾಜು, ಕೊನೆಗೆ ಮೊಬೈಲ್ ಫೋನಿನ ಬಣ್ಣದ ಪರದೆ. ಈಗ ಆ ಪರದೆಯ ವ್ಯಾಪಾರ ಹೊರದೇಶದವರ ಕೈಗೆ ಹೋಗಿದೆ, ಆ ಮಾತು ಬೇರೆ. ಕಂಪನಿಗೆ ಅರವತ್ತು ತುಂಬಿದ್ದಕ್ಕೆ ದಪ್ಪ ರಟ್ಟಿನ ಪುಸ್ತಕ ಬೇಕಾಗಿತ್ತು. ಮೊದಲ ನಲವತ್ತು ವರ್ಷವನ್ನು ಕುರಾಮೋಚಿ ಸರಾಗವಾಗಿ ಬರೆದ. ಇಪ್ಪತ್ತು ವರ್ಷದ ಹಿಂದಿನ ಆ ವಸಂತಕ್ಕೆ ಬಂದಾಗ ಪೆನ್ನು ನಿಂತುಬಿಟ್ಟಿತು.

ಆಗ ಪರದೆ ತಪಾಸಣೆಯ ಮೇಲ್ವಿಚಾರಕಿ ಉಮೆತ್ಸು ಫುಮಿಯೆ. ಯಂತ್ರಕ್ಕೆ ಕಾಣದ ಕಲೆ ಅವಳ ಕಣ್ಣಿಗೆ ಕಾಣುತ್ತಿತ್ತು. ಗಾಜನ್ನು ದೀಪಕ್ಕೆ ಓರೆಯಾಗಿ ಹಿಡಿದು, ಇಲ್ಲಿ ಮಂಜು ಕೂತಿದೆ ಎಂದರೆ ಅಲ್ಲಿ ಮಸುಕು ಕಲೆ ಇದ್ದೇ ಇರುತ್ತಿತ್ತು. ಎಷ್ಟರವರೆಗೆ ಕಲೆಯಿದ್ದರೆ ಮಾಲು ಪಾಸು ಎಂದು ಹೇಳಲು ಒಂದು ಮಾದರಿ ಗಾಜು ಇಟ್ಟಿರುತ್ತಾರೆ. ಅದಕ್ಕಿಂತ ಕೆಟ್ಟದ್ದೆಲ್ಲ ಕಸಕ್ಕೆ. ಆ ಗಾಜಿನ ಚೀಟಿಯ ಮೇಲೆ ಉತ್ಪಾದನೆ, ಗುಣಮಟ್ಟ, ತಪಾಸಣೆ, ಮೂರೂ ಕಡೆಯವರ ಸಹಿಯ ಬದಲು ಅವರವರ ಹೆಸರಿನ ಮೊಹರು ಬೀಳಬೇಕು. ಆ ವಸಂತದಲ್ಲಿ ದೊಡ್ಡ ಆರ್ಡರು ತಲೆಯ ಮೇಲೆ ಕೂತಿತ್ತು, ಮಾಲಿನ ತುಂಬ ಮಂಜು. ಮೇಲಿನವರು ಮಾಲು ಸರಿಮಾಡುವ ಬದಲು ಮಾದರಿಯನ್ನೇ ಬದಲಿಸಿದರು. ಮಂಜು ಕೂತ ಗಾಜೇ ಹೊಸ ಮಾದರಿಯಾಯಿತು.

ಫುಮಿಯೆ ಮೊಹರು ಒತ್ತಲಿಲ್ಲ. ಅವಳು ಹೇಳಿದ್ದೇ ಸರಿ ಎಂದು ಕುರಾಮೋಚಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಉತ್ಪಾದನೆಯ ಪರವಾಗಿ ಒತ್ತಿದ. ಅವಳನ್ನು ಗಾಜು ಇಡುವ ತಟ್ಟೆ ತೊಳೆಯುವ ಕೆಲಸಕ್ಕೆ ಹಾಕಿ, ಅವಳ ಜಾಗಕ್ಕೆ ಬಂದವನಿಂದ ಮೊಹರು ಒತ್ತಿಸಿದರು. ಎರಡು ತಿಂಗಳಿಗೆ ಅವಳೇ ಬಿಟ್ಟುಹೋದಳು. ಆರು ತಿಂಗಳಿಗೆ ಮಾಲು ಲಾರಿಗಟ್ಟಲೆ ವಾಪಸು ಬಂತು. ‘ತಪಾಸಣೆಯವರ ಕಣ್ತಪ್ಪು’ ಎಂದು ಕಂಪನಿ ಪತ್ರಿಕೆಯವರಿಗೆ ಹೇಳಿ ಕೈ ತೊಳೆದುಕೊಂಡಿತು. ಚಿಕ್ಕ ಊರು. ತಪಾಸಣೆ ಎಂದರೆ ಯಾರು ಎಂದು ಮೀನಿನ ಅಂಗಡಿಯವನಿಗೂ ಗೊತ್ತು.

ಪೆನ್ನು ನಿಂತ ವರ್ಷದ ಸೆಪ್ಟೆಂಬರಿನಲ್ಲಿ ಕುರಾಮೋಚಿ ಅವಳ ಮನೆಗೆ ಹೋದ. ಎಪ್ಪತ್ತರ ಅವಳು ಈಗಲೂ ಸಹಕಾರ ಸಂಘದಲ್ಲಿ ಪಿಯರ್ ಹಣ್ಣು ಆರಿಸುವ ಕೆಲಸ ಮಾಡುತ್ತಿದ್ದಳು. ಅವನು ಕೂತವನೇ, ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಿಮ್ಮ ಹೆಸರು ಹಾಕಿಯೇ ಬರೆಯುತ್ತೇನೆ ಎಂದ. ಅವಳು ಹಣ್ಣು ಸುಲಿದು ಹೋಳು ಮಾಡಿದಳು.

“ಇಲ್ಲಿನ ಹೊಸ ಹುಡುಗೀರು ನಾನು ಆರಿಸಿದ ಬುಟ್ಟೀನ ಇನ್ನೊಂದು ಸಲ ನೋಡ್ತಾರೆ, ಕುರಾಮೋಚಿ ಸಾನ್. ಆ ಕಥೆ ಅವರ ಕಿವಿಗೂ ಬಿದ್ದಿದೆ. ಬರೀರಿ. ಬರೆದಾದ್ಮೇಲೆ ತಂದು ತೋರ್ಸಿ.”

ಅವನು ಬರೆದ. ಒಂದೇ ಪ್ಯಾರಾ, ಒಂದು ಮಾತೂ ಹೆಚ್ಚಿಲ್ಲ. ಮೊಹರು ಒತ್ತಿದವರಲ್ಲಿ ತಾನೂ ಒಬ್ಬ ಎಂದೂ ಬರೆದ. ಆ ದಿನ ಅವನ ಎದೆ ಹಗುರಾಗಿತ್ತು, ಪಾಪ.

ಕರಡು ಆಡಳಿತ ವಿಭಾಗದ ಮುಖ್ಯಸ್ಥ ಇಸೊಗಾಯಿಯ ಮೇಜಿಗೆ ಹೋಯಿತು. ಕುರಾಮೋಚಿಗಿಂತ ಹತ್ತು ವರ್ಷ ಚಿಕ್ಕವನು, ಮಾತು ಬೆಣ್ಣೆ. ಚಹಾ ತರಿಸಿ, ಮೊದಲ ಅಧ್ಯಾಯಗಳನ್ನು ಹೊಗಳಿ, ಆಮೇಲೆ ಕೆಂಪು ಗೆರೆ ಎಳೆದ ಪುಟ ತೆಗೆದ.

“ಇದು ಹಬ್ಬದ ಪುಸ್ತಕ ಕುರಾಮೋಚಿ ಸಾನ್, ಪೊಲೀಸರಿಗೆ ಕೊಡೋ ಹೇಳಿಕೆ ಅಲ್ಲ. ಅರವತ್ತಕ್ಕೆ ನಿವೃತ್ತಿ ಆದ ಮೇಲೂ ನೀವು ಇಲ್ಲೇ ಮುಂದುವರೀಬೇಕು ಅಂತ ನನಗಂತೂ ಆಸೆ. ಯೋಚನೆ ಮಾಡಿ.”

ಯೋಚನೆ ಮಾಡುವುದಕ್ಕೇನಿತ್ತು? ತಿದ್ದಿದ ಪುಟ ವಾಪಸು ಬಂದಾಗ ಪ್ಯಾರಾ ಒಂದು ಸಾಲಾಗಿತ್ತು: ‘ತಪಾಸಣೆಯ ಕಣ್ತಪ್ಪಿನಿಂದಾದ ಆ ಸಂಕಷ್ಟವನ್ನು ಎಲ್ಲರೂ ಒಗ್ಗಟ್ಟಿನಿಂದ ಎದುರಿಸಿದೆವು.’ ಜೊತೆಗೆ ಒಪ್ಪಿಗೆಯ ಹಾಳೆ, ಅದರಲ್ಲಿ ಸಾಲಾಗಿ ಚೌಕಗಳು. ಇಸೊಗಾಯಿಯ ಮೊಹರು ಆಗಲೇ ನೆಟ್ಟಗೆ ಕೂತಿತ್ತು. ಪಕ್ಕದ ಚೌಕ ಸಂಪಾದಕನದು, ಎಂದರೆ ಕುರಾಮೋಚಿಯದು. ಆ ಕಚೇರಿಯಲ್ಲಿ ಕಿರಿಯ ದರ್ಜೆಯವರು ತಮ್ಮ ಮೊಹರನ್ನು ಮೇಲಿನವರ ಮೊಹರಿನ ಕಡೆಗೆ ಸ್ವಲ್ಪ ವಾಲಿಸಿ ಒತ್ತುತ್ತಾರೆ, ತಲೆಬಾಗಿ ನಮಸ್ಕಾರ ಮಾಡಿದ ಹಾಗೆ ಕಾಣಲಿ ಎಂದು. ಯಾವ ನಿಯಮದಲ್ಲೂ ಇದು ಬರೆದಿಲ್ಲ; ಮಹಡಿಯ ಮೇಲಿನ ಕಚೇರಿಯವರಿಗೆಲ್ಲ ಗೊತ್ತು, ಕೆಳಗಿನ ತಪಾಸಣೆಯವರಿಗಲ್ಲ. ಕುರಾಮೋಚಿ ಒಂದು ಇಡೀ ಬೆಳಿಗ್ಗೆ ಕಡಲು ನೋಡುತ್ತ ಕೂತ. ಊಟದ ಗಂಟೆಗೆ ಮುಂಚೆ ಮೊಹರು ತೆಗೆದು ಒತ್ತಿದ. ವಾಲಿಸಬೇಕೆಂದು ಅವನು ಅಂದುಕೊಳ್ಳಲೂ ಇಲ್ಲ. ಕೈಗೆ ಅದು ತಾನಾಗಿ ಬರುತ್ತಿತ್ತು.

ಪುಸ್ತಕ ಬಂದಾಗ ಅವನು ಸುಮ್ಮನೆ ಮನೆಯಲ್ಲಿರಬಹುದಿತ್ತು. ತಂದು ತೋರಿಸುತ್ತೇನೆಂದು ಮಾತು ಕೊಟ್ಟಿದ್ದನಲ್ಲ, ಫುಮಿಯೆಯ ಮನೆಗೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದ. ಕೊನೆಗೆ ಪುಸ್ತಕವನ್ನು ಚೀಲದ ಸಮೇತ ಅವಳ ಕೈಗಿಟ್ಟ.

ಫುಮಿಯೆ ಕನ್ನಡಕ ಹಾಕಿಕೊಂಡು ಆ ವರ್ಷದ ಪುಟ ಹುಡುಕಿದಳು. ಒಂದು ಸಾಲು ಓದುವುದಕ್ಕೆ ಎಷ್ಟು ಹೊತ್ತು ಬೇಕು? ಓದಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಕೊನೆಯ ಪುಟ ತೆಗೆದಳು. ಅಲ್ಲಿ ಒಪ್ಪಿಗೆಯ ಹಾಳೆಯನ್ನೇ ಅಲಂಕಾರಕ್ಕೆಂದು ಕೆಂಪು ಬಣ್ಣದಲ್ಲಿ ಅಚ್ಚು ಹಾಕಿದ್ದರು. ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು, ಹಿಂದೆ ಗಾಜು ಹಿಡಿಯುತ್ತಿದ್ದ ಹಾಗೆಯೇ.

“ಆವತ್ತು ಮಾದರಿ ಗಾಜಿನ ಚೀಟೀಲೂ ನಿಮ್ಮ ಮೊಹರು ಹೀಗೇ ಮೇಲಿನವರ ಮೊಹರಿನ ಕಡೆಗೆ ವಾಲಿತ್ತು,” ಎಂದಳು. “ನಾಚಿಕೆಗೆ ಕೈ ನಡುಗಿರಬೇಕು ಅಂದ್ಕೊಂಡಿದ್ದೆ. ಇಪ್ಪತ್ತು ವರ್ಷ ಎಲ್ಲರನ್ನೂ ಬೈದೆ. ನಿಮ್ಮೊಬ್ಬರನ್ನ ಬೈಲಿಲ್ಲ.”

ಕುರಾಮೋಚಿ ತಲೆ ತಗ್ಗಿಸಿದ. ಅವಳು ಪುಸ್ತಕ ಮುಚ್ಚಿ, ಅದು ಬಂದ ಚೀಲಕ್ಕೇ ಮತ್ತೆ ಹಾಕಿ, ಅವನ ಮುಂದಿಟ್ಟಳು. ಹಣ್ಣು ಆರಿಸುವ ಹೊತ್ತಾಯಿತೆಂದು ಎದ್ದು ಏಪ್ರನ್ ಕಟ್ಟಿಕೊಂಡಳು.